ಎತ್ತಿಗೆ ಸೋಮವಾರ ಸೂಟಿ, ಮಗಳಿಗೆ ಶನಿವಾರ ಇಲ್ಲ

“ಓದಾಕ ಹೋಗ್ಯಾಳೊ, ತಿರಗಾಕ ಹೋಗ್ಯಾಳೊ?”

ಈ ಮಾತು ನಮ್ಮ ಮನಿ ವಾಟ್ಸ್ಯಾಪ್ ಗುಂಪಿನ್ಯಾಗ ಹೋದ ವಾರ ಬಂತು. ಬರದವರು ಹಿರ್ಯಾರು, ಸೋದರಮಾವ ಆಗಬೇಕು, ಹೆಸರ ಬ್ಯಾಡ. ನಮ್ಮಕ್ಕನ ಮಗಳು ಗ್ಲಾಸ್ಗೋದಾಗ ಎಂ.ಎಸ್ಸಿ. ಓದಾಕತ್ಯಾಳ. ಒಂದು ಶನಿವಾರ ಗೆಳತ್ಯಾರ ಜೋಡಿ ಕಂಬ್ರೆ ಅನ್ನೋ ಸಣ್ಣ ದ್ವೀಪಕ್ಕ ಹೋಗಿ, ಬಾಡಿಗಿ ಸೈಕಲ್ ಹಿಡಕೊಂಡು ನಿಂತ ಫೋಟೊ ಹಾಕಿದ್ಲು. ಮಾವನ ಮಾತಿನ ಕೆಳಗ ಮೂರು ಮಂದಿ ನಗೂ ಚಿತ್ರ ಒತ್ತಿದ್ರು. ನಮ್ಮಕ್ಕ ಏನೂ ಬರೀಲಿಲ್ಲ. ಸಂಜಿ ಆಗೂದ್ರಾಗ ಹುಡುಗಿ ಫೋಟೊ ತಗದ್ಲು.

ಗುಂಪಿನ್ಯಾಗ ಉತ್ತರಾ ಕೊಟ್ರ ಜಗಳಾಗತೈತಿ, ಅದಕ್ಕ ಇಲ್ಲೆ ಬರಿಯಾಕತ್ತೀನಿ. ಸಿಟ್ಟಾಗೂರು ಸಿಟ್ಟಾಗ್ರಿ. ನಾನೂ ಹಂಗ ಹೋದಾಕಿನ. 2016ರಿಂದ 2018ರ ತನಕ ಸಿಂಗಾಪುರದಾಗ ಓದಿದೆ. ಶನಿವಾರ ಬಂತಂದ್ರ ದೋಣಿ ಹತ್ತತಿದ್ದೆ. ನನ್ನ ಓದಿನ ಒಂದು ಪಾಲು ಆ ದೋಣಿಯಾಗ, ಆ ದ್ವೀಪಗಳ ಮ್ಯಾಲನ ಆತು ಅಂತ ಯಾರ ಮುಂದ ಬೇಕಾದ್ರೂ ಹೇಳತೀನಿ. ಪರದೇಶದಾಗ ಓದೂ ಹುಡುಗೂರು ವಾರಕ್ಕೊಮ್ಮೆ ಹೊರಗ ಹೋಗೂದಕ್ಕ ಯಾರ ಅಪ್ಪಣೀನೂ ಬೇಕಿಲ್ಲ. ಊರಾಗ ಕುಂತು ಅದನ್ನ ಹಳಿಯೂದ ಖರೇ ದಂಡ.

ನಮ್ಮ ಕಡೆ ಸೋಮವಾರ ಎತ್ತು ಹೂಡಂಗಿಲ್ಲ. ಬಸವಣ್ಣನ ವಾರ. ಬಿತ್ತಗಿ ಹದ ಹಾರಿ ಹೋಗಾಕತ್ತಿದ್ರೂ ನಮ್ಮ ಮುತ್ಯಾ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡತಿರಲಿಲ್ಲ. ಹಳ್ಳಕ್ಕ ಹೊಡಕೊಂಡು ಹೋಗಿ ಮೈ ತಿಕ್ಕಿ, ಮೇವು ಹಾಕಿ, ಗಿಡದ ನೆರಳಿಗೆ ಕಟ್ಟತಿದ್ದ. “ಒಂದ ದಿವಸದ ಕೆಲಸ ಹಾಳಾತಲ್ಲೊ” ಅಂತ ಅವನಿಗೆ ಯಾರೂ ಅನ್ನಲಿಲ್ಲ, ಯಾಕಂದ್ರ ಎತ್ತು ಬಿದ್ರ ವರ್ಷದ ಕೆಲಸಾನ ಹಾಳು ಅನ್ನೂದು ಎಲ್ಲಾರಿಗೂ ಗೊತ್ತಿತ್ತು. ಎತ್ತಿನ ಲೆಕ್ಕ ಇಷ್ಟು ಚೊಲೊ ತಿಳದ ಮಂದಿಗೆ ಹೊಟ್ಯಾಗ ಹುಟ್ಟಿದ ಕೂಸಿನ ಲೆಕ್ಕ ಯಾಕ ತಿಳಿಯಂಗಿಲ್ಲ?

ಇನ್ನ ತಿರಗೂ ಮಾತು. ಎಳ್ಳಮಾಸಿಗೆ ಚಕ್ಕಡಿ ಕಟ್ಟಿ, ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗಿ ಗಂಟು ಕಟಕೊಂಡು, ಹೊಲಕ್ಕ ಹೋಗಿ ಚರಗಾ ಚೆಲ್ಲಿ, ದಿವಸಪೂರ್ತಿ ಗಿಡದ ಕೆಳಗ ಉಂಡು ಮಲಗಿ ಬರೂರು ನಾವು. ಹುಣ್ಣಿವಿಗೆ ಯಲ್ಲಮ್ಮನ ಗುಡ್ಡ ಹತ್ತೂರು ನಾವು. ಶ್ರಾವಣದಾಗ ಸೊಗಲ ಸೋಮೇಶ್ವರಕ್ಕ ಹೋಗಿ ನೀರು ಬೀಳೂದು ನೋಡೂರು, ಮಳಿ ಚೊಲೊ ಆದ ವರ್ಷ ನವಿಲುತೀರ್ಥಕ್ಕ ಟ್ರ್ಯಾಕ್ಟರ್ ತುಂಬ ಮಂದಿ ಕರಕೊಂಡು ಹೋಗೂರೂ ನಾವ. ಇದೆಲ್ಲಾ ಧರ್ಮ. ಅದ ನಮ್ಮ ಹುಡುಗಿ ಬುತ್ತಿ ಕಟಕೊಂಡು ದೋಣಿ ಹತ್ತಿದ್ರ ಮಾತ್ರ ಚೈನಿ.

ಈ ಬುದ್ಧಿ ನಮಗ ಮುತ್ಯಾನ ಕಡಿಂದ ಬಂದಿಲ್ಲ. ಹತ್ತನೇತ್ತೆ ಮುಗದಕೂಡಲೆ ಮಕ್ಕಳನ್ನ ಪಿಯುಸಿಗಂತ ಧಾರವಾಡದ ಹಾಸ್ಟೆಲ್ಲಿಗೆ ಬಿಟ್ಟು ಬರತೀವಲ್ಲ, ಅಲ್ಲೆ ಹುಟ್ಟಿದ್ದು ಇದು. ನಾ ಇದ್ದ ಕಡೆ ಐತವಾರ ಮುಂಜಾನೆ ಟೆಸ್ಟ್, ಮಧ್ಯಾಹ್ನ ಅದರ ಉತ್ತರಾ ಬಿಡಸೂದು, ಸಂಜಿಗೆ ಮನಿಗೆ ಐದ ನಿಮಿಷ ಫೋನು. ಎರಡು ವರ್ಷ ಸಾಧನಕೇರಿ ಕೆರಿ ದಂಡಿಗೂ ಬಿಡಲಿಲ್ಲ. ಕುಂತಾಕಿ ಓದತಾಳ, ಎದ್ದಾಕಿ ಕೆಡತಾಳ ಅನ್ನೂದು ಅಲ್ಲಿಯ ಶಾಸ್ತ್ರ. ಅಪ್ಪ ಅವ್ವ ಅದನ್ನ ನಂಬಿದ್ರು, ನಂಬಿದ್ದು ತಿರಗಿ ಮನಿಗೆ ತಂದ್ರು.

ಅಪ್ಪನ ಭಯಾ ಸುಳ್ಳಂತ ನಾ ಅನ್ನಂಗಿಲ್ಲ. ಹೊಲದ ಉತಾರ ಬ್ಯಾಂಕಿನ್ಯಾಗ ಇಟ್ಟಾನ. ಬಡ್ಡಿಗೆ ಶನಿವಾರ ಐತವಾರ ಅಂತ ಸೂಟಿ ಇಲ್ಲ. ಸಂಘದಾಗ ಅವ್ವನ ಹೆಸರಿಲೆ ಬ್ಯಾರೆ ಸಾಲ. ಇಷ್ಟ ಇಟಕೊಂಡು ಕುಂತಾವಗ ಮಗಳು ಸಮುದ್ರದ ದಂಡಿಗೆ ನಕ್ಕೋತ ನಿಂತದ್ದು ಕಂಡ್ರ ಎದಿ ಧಸಕ್ಕನ್ನೂದು ಸಹಜ. ಆದ್ರ ಆ ಭಯಾ ತಗೊಂಡು ಲೆಕ್ಕಾ ಮಾಡ್ರಿ, ಕೊಂಕು ಮಾತಾಡಬ್ಯಾಡ್ರಿ. ಬರ್ರಿ, ಲೆಕ್ಕಾನ ಮಾಡೂಣು.

ಸಿಂಗಾಪುರದ ಮೂಡಣ ದಿಕ್ಕಿಗೆ ಚಾಂಗಿ ಅಂತ ಜಾಗಾ ಐತಿ, ಅಲ್ಲಿಂದ ಪುಲಾವ್ ಉಬಿನ್ ದ್ವೀಪಕ್ಕ ದೋಣಿ. (ಪುಲಾವ್ ಅಂದ್ರ ಮಲಯ್ ಭಾಷೇದಾಗ ದ್ವೀಪ. ನಾ ಫೋನಿನ್ಯಾಗ “ಪುಲಾವಕ್ಕ ಹೊಂಟೀನಿ” ಅಂದಾಗ ನಮ್ಮಾಯಿ ಉಣ್ಣೂ ಪಲಾವ್ ಅಂತ ತಿಳದು, “ಹೊಟ್ಟಿ ತುಂಬ ಉಣ್ಣ ಯವ್ವಾ” ಅಂದಿದ್ಲು.) ಆ ದೋಣಿಗೆ ವ್ಯಾಳ್ಯಾ ಇಲ್ಲ. ಹನ್ನೆರಡು ಮಂದಿ ತುಂಬಿದ್ರ ಬಿಡತಾರ, ಥೇಟ್ ನಮ್ಮ ಟಂಟಂ ಗಾಡಿ. ಹತ್ತು ಹದಿನೈದು ನಿಮಿಷದ ಹಾದಿ. ಆಗ ಒಂದ ಕಡೆಗೆ ಸುಮಾರು ಮೂರು ಡಾಲರ್. ಅಲ್ಲೆ ಬಾಡಿಗಿ ಸೈಕಲ್ಲಿಗೆ ಎಂಟು, ಬಸ್ಸಿಗೆ ಹೋಗಿ ಬರಾಕ ನಾಕು. ಬುತ್ತಿ ನನ್ನದ: ಕಡಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಒಟ್ಟು ಹದಿನೆಂಟು ಡಾಲರ್, ಆಗಿನ ದರದಾಗ ಒಂಬತ್ತನೂರು ರೂಪಾಯಿ ಒಳಗ. ಎರಡು ವಾರಕ್ಕ ಒಂದು ಸಲ ಸೈಕಲ್ ಬಿಟ್ಟು ನಡಕೊಂಡ ಅಡ್ಡಾಡತಿದ್ದೆ, ಆಗ ಐನೂರರಾಗ ಮುಗೀತಿತ್ತು. ನಮ್ಮ ಮನ್ಯಾಗ ಒಂದು ಸೀಮಂತಕ್ಕ ಆಯೇರಿ ಅಂತ ಕೊಡೂ, ಯಾರೂ ಉಡದ, ಟ್ರಂಕಿನಿಂದ ಟ್ರಂಕಿಗೆ ಹಾರೂ ಸೀರಿಗಳ ಲೆಕ್ಕಾ ಹಚ್ಚಿದ್ರ ನಾ ಆರ ತಿಂಗಳು ದ್ವೀಪಾ ತಿರಗಿ ಬರತಿದ್ದೆ. ಸೀರಿ ಲೆಕ್ಕಾ ಯಾರು ಕೇಳತಾರ?

ಉಬಿನ್ ಬಗ್ಗೆ ಹೇಳಾಕಬೇಕು, ಯಾಕಂದ್ರ “ದ್ವೀಪ” ಅಂದಕೂಡಲೆ ನಮ್ಮ ಮಂದಿ ಕಣ್ಣಿಗೆ ಸಿನಿಮಾ ಹಾಡು ಬರತೈತಿ. ಅದು ಹತ್ತು ಚದರ ಕಿಲೋಮೀಟರಿನಷ್ಟು ನೆಲ, ನಮ್ಮ ಒಂದು ದೊಡ್ಡ ಹಳ್ಳಿ ಹದ್ದಿನಷ್ಟ ಅನ್ನಬಹುದು. ತಗಡಿನ ಮನಿ, ಮನಿ ಮುಂದ ಬಾವಿ, ತೆಂಗು, ಕೋಳಿ, ಬಾಗಲದಾಗ ಕುಂತ ಮುದುಕಿ. ಆ ಕಡೆ ಗಗನಚುಂಬಿ ಊರು, ಈ ಕಡೆ ಕರೆಂಟಿಗೆ ಡೀಸೆಲ್ ಜನರೇಟರ್. ಒಂದ ಕಾಲಕ್ಕ ಇಲ್ಲೆ ಕಲ್ಲಿನ ಖಣಿ ಇದ್ದುವು, ಸಾವಿರಗಟ್ಟಲೆ ಮಂದಿ ದುಡೀತಿದ್ರು. 1851ರಾಗ ಹಚ್ಚಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕ, ಸಿಂಗಾಪುರದಿಂದ ಜೊಹೋರಿಗೆ ಸಮುದ್ರದಾಗ ಕಟ್ಟಿದ ರಸ್ತಾಕ್ಕ ಇಲ್ಲೀ ಗ್ರ್ಯಾನೈಟ್ ಹೋಗೈತಿ. ಖಣಿ ನಿಂತು ಹೋದುವು, ಮಂದಿ ಹ್ವಾದ್ರು, ಗುಂಡಿಗೆ ನೀರು ತುಂಬಿ ಈಗ ಹಸರ ಕೆರಿ ಆಗ್ಯಾವ. ದಂಡಿ ಮ್ಯಾಲ ಕೊಕ್ಕರಿ ಗೂಡು ಕಟ್ಟತಾವ. ಮೊದಲ ದಿವಸ ಆ ಬಾವಿ ಕಟ್ಟಿ ಮ್ಯಾಲ ಕುಂತು ರೊಟ್ಟಿ ತಿನ್ನೂವಾಗ, ಎರಡು ತಿಂಗಳಾದ ಮ್ಯಾಲ ಮೊದಲನೇ ಸಲ ನನ್ನ ಗಂಟಲದಾಗ ತುತ್ತು ಸರಳ ಇಳೀತು.

ಆ ದ್ವೀಪದ ಮೂಡಣ ತುದಿಗೆ ಚೆಕ್ ಜಾವಾ ಅಂತ ಐತಿ. ಸಮುದ್ರ ಹಿಂದ ಸರದಾಗ ಉಸುಕು, ರಾಡಿ, ಸಮುದ್ರದ ಹುಲ್ಲು ತೆರಕೋತಾವ. ನಕ್ಷತ್ರಮೀನು, ಏಡಿ, ಹೆಸರ ಗೊತ್ತಿಲ್ಲದ ನೂರೆಂಟು ಜೀವ. ಸರಕಾರ ಅಲ್ಲೆ ಮಣ್ಣು ತುಂಬಿ ನೆಲಾ ಮಾಡೂದಂತ ಠರಾವು ಮಾಡಿತ್ತು. 2000ದ ಕೊನೀಗೆ ನಿಸರ್ಗದ ಹುಚ್ಚಿದ್ದ ಕೆಲವ ಮಂದಿ ಸುಮ್ಮ ಅಡ್ಡಾಡಾಕ ಹೋಗಿ ಅದರಾಗ ಏನೇನು ಐತಿ ಅಂತ ನೋಡಿದ್ರು. ಸುದ್ದಿ ಹಬ್ಬಿತು. ಮಾಸ್ತರು, ಸಾಲಿ ಹುಡುಗೂರು, ಸಂಸಾರಸ್ಥರು ದೋಣಿ ತುಂಬ ಹೋಗಿ ನೋಡಿದ್ರು, ಸ್ವಯಂಸೇವಕರು ಎಣಿಕಿ ಮಾಡಿ ಬರದು ಕೊಟ್ರು. 2001ರ ಡಿಸೆಂಬರದಾಗ ಸರಕಾರ ಆ ಕೆಲಸ ಮುಂದ ಹಾಕಿತು. 2007ರಾಗ ಮಂದಿ ನಡದು ನೋಡ್ಲಿ ಅಂತ ಕಟ್ಟಿಗಿ ಹಾದಿ ಮಾಡಿದ್ರು. ಸೂಟಿ ದಿವಸ ಅಡ್ಡಾಡಾಕ ಹೋದವರಿಂದ ಒಂದು ಸಮುದ್ರದ ದಂಡಿ ಉಳೀತು ನೋಡ್ರಿ. ನಾನು ಪರಿಸರ ವಿಜ್ಞಾನ ಓದಾಕಿ. ಈ ಕತಿ ನನಗ ಕ್ಲಾಸಿನ್ಯಾಗ ಅರ್ಧಾ ತಿಳದಿತ್ತು, ಮಳಕಾಲ ತನಕ ರಾಡ್ಯಾಗ ನಿಂತಾಗ ಪೂರಾ ತಿಳೀತು. ಇದನ್ನ ಓದು ಅಂತೀರೊ ತಿರಗೂದು ಅಂತೀರೊ, ಮಾವನ್ನ ಕೇಳಿ ಹೇಳ್ರಿ.

ತೆಂಕಣ ಕಡೆ ಬ್ಯಾರೆ ದ್ವೀಪಗಳದಾವ. ಸೇಂಟ್ ಜಾನ್ಸ್ ಅನ್ನೂದರಾಗ 1874ರಿಂದ ಬ್ಯಾನಿ ಬಂದವರನ್ನ ಬ್ಯಾರೆ ಇಡೂ ಠಾಣ್ಯಾ ಇತ್ತು. ಹಿಂದಿನ ವರ್ಷ ಕಾಲರಾ ಹಾದು ಹೋಗಿತ್ತು. ಚೀನಾ, ಹಿಂದುಸ್ಥಾನದ ಕಡಿಂದ ಹಡಗಿನ್ಯಾಗ ಬಂದ ಬಡವರನ್ನ ಮೊದಲ ಅಲ್ಲೆ ಇಳಿಸಿ, ಬ್ಯಾನಿ ಇಲ್ಲ ಅಂತ ಖಾತ್ರಿ ಆದ ಮ್ಯಾಲನ ಊರಾಗ ಬಿಡತಿದ್ರು. ನಮ್ಮಾಯಿ ಅವರಾಯಿ ಕಡಿಂದ ಕೇಳಿದ ಪಿಳೇಗಿನ ಕತಿ ಹೇಳತಿದ್ಲು: ಊರಿಗೂರ ಖಾಲಿ ಮಾಡಿ ಹೊಲದಾಗ ಗುಡಸಲಾ ಹಾಕಿದ್ದು, ಇಲಿ ಸತ್ರ ಎದ್ದು ಓಡಿದ್ದು. ಆ ಕತಿ ನನಗ ಬರೇ ಕತಿ ಆಗಿತ್ತು. ಸೇಂಟ್ ಜಾನ್ಸ್ ದಂಡಿಗೆ ನಿಂತಾಗ ಹಡಗಿನಿಂದ ಇಳಿದಾವರ ಒಳಗ ನಮ್ಮ ಮುಂಬಯಿ ಇಲಾಖೆದವರೂ ಇದ್ದಿರಬೇಕು ಅನಿಸಿ ಸುಮ್ಮನ ಕುಂತೆ. ಈಗ ಅದ ದ್ವೀಪದಾಗ ಸಮುದ್ರದ ಜೀವಗಳ ಪ್ರಯೋಗಶಾಲಾ ಐತಿ, ಅಲ್ಲಿಯ ವಿಶ್ವವಿದ್ಯಾಲಯನ ನಡಸತೈತಿ. ಗ್ಲಾಸ್ಗೋದ ಹುಡುಗಿ ಹೋದ ಕಂಬ್ರೆದಾಗೂ ಅಂಥಾದ್ದ ಒಂದು ಇತ್ತು, ನೂರು ವರ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಅಲ್ಲೆ ಹೋಗಿ ಕಡಲ ಜೀವ ಅಭ್ಯಾಸ ಮಾಡ್ಯಾರ. ನಾವು ಯಾವದನ್ನ ಹಾಳ ತಿರಗಾಟ ಅಂತೀವೊ ಅಲ್ಲೆ ಪ್ರೊಫೆಸರು ಬೂಟ ಹಾಕ್ಕೊಂಡು ನಿಂತಿರತಾರ.

ಕುಸು ದ್ವೀಪದ ಮಾತ ಬಿಡಾಕ ಮನಸಿಲ್ಲ. ನಾವೆಲ್ಲಾ ಕನ್ನಡದ ಹುಡುಗ್ಯಾರು ಅದಕ್ಕ ಕೂಸು ಅಂತನ ಅಂತಿದ್ವಿ. ಅವರ ಭಾಷೇದಾಗ ಅದು ಆಮಿ. ಮುಳುಗೂ ಇಬ್ಬರನ್ನ ಉಳಸಾಕ ಆಮಿ ತಾನ ದ್ವೀಪ ಆತಂತ, ಒಬ್ಬ ಮಲಯ್, ಒಬ್ಬ ಚೀನೀಯ. ಕೆಳಗ ಚೀನೀಯರ ಗುಡಿ, ಗುಡ್ಡದ ಮ್ಯಾಲ ಮಲಯ್ ಸಂತರ ಸಮಾಧಿ, ಹತ್ತಾಕ 152 ಪಾವಟಿಗಿ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಕ್ಕ ಜಾತ್ರಿ. ಮಕ್ಕಳಿಲ್ಲದವರು ಮ್ಯಾಲ ಹೋಗಿ ಮಕ್ಕಳನ್ನ ಬೇಡಕೋತಾರ. ಕೂಸಿಗೆ ಕೂಸು ಬೇಡಾಕ ಹೋಗೂದು ಅಂತ ನಾವು ನಗತಿದ್ವಿ. ಆ ಪಾವಟಿಗಿ ಮ್ಯಾಲ ಉಸರ ಬಿಟಕೋತ ಹತ್ತೂ ಮುದುಕ್ಯಾರು, ಕೈಯಾಗಿನ ಹೂವು ಹಣ್ಣು, ಹರಕಿ. ಸವದತ್ತಿ ಗುಡ್ಡಾ ಕಂಡವರಿಗೆ ಅದು ಪರದೇಶ ಅನ್ಸಂಗಿಲ್ಲ. ಅಲ್ಲೆ ದೋಣಿಗೆ ಹದಿನೆಂಟು ಡಾಲರ್ ಆಗತಿತ್ತು, ಅದಕ್ಕ ಎರಡು ವರ್ಷದಾಗ ಎರಡ ಸಲ ಹೋದೆ.

ಇಷ್ಟು ನನ್ನ ಸುಖದ ಮಾತು. ಇನ್ನೊಂದು ಹೇಳತೀನಿ, ಅದಕ್ಕಾಗಿನ ಇದನ್ನ ಬರಿಯಾಕ ಕುಂತದ್ದು.

ನನ್ನ ಜೋಡಿ ರೂಮಿನ್ಯಾಗ ರಾಮದುರ್ಗದ ಕಡೆ ಹುಡುಗಿ ಇದ್ಲು. ಅಪ್ಪಂದು ಮಗ್ಗದ ಕೆಲಸ. ಶಾಣ್ಯಾ ಹುಡುಗಿ, ನನಗಿಂತ ಎರಡ ಪಟ್ಟು ಶಾಣ್ಯಾ. ಮೊದಲ ಎರಡು ಶನಿವಾರ ನನ್ನ ಜೋಡಿ ಉಬಿನ್‌ಗೆ ಬಂದ್ಲು, ಸೈಕಲ್ ಕಲತ್ಲು, ಬಿದ್ದು ಮಳಕಾಲ ಕೆತ್ತಿಸಿಕೊಂಡು ನಕ್ಳು. ಒಂದು ಫೋಟೊ ಮನಿಗೆ ಹೋತು. ಅವರ ಕಾಕಾ ಇದ ಪ್ರಶ್ನಿ ಕೇಳಿದ, ಇದ ಶಬ್ದ. ಅವರಪ್ಪ ಏನೂ ಬೈಲಿಲ್ಲ, “ಹುಷಾರವ್ವ, ನಮ್ಮ ಪರಿಸ್ಥಿತಿ ನಿನಗ ಗೊತ್ತೈತಿ” ಅಂದ ಅಷ್ಟ. ಅಷ್ಟ ಸಾಕಾತು. ಆಮ್ಯಾಲ ಆಕಿ ಶನಿವಾರ ಹೊರಗ ಬರಲಿಲ್ಲ. ರೂಮು, ಲ್ಯಾಬು, ರೂಮು. ಮನಿಗೆ ದಿನಾ ಒಂದು ಮೆಸೇಜು: ಆರಾಮ ಅದೀನಿ, ಓದಾಕತ್ತೀನಿ. ಮೂರನೇ ತಿಂಗಳಿಗೆ ರಾತ್ರಿ ನಿದ್ದಿ ಹೋತು, ಆಮ್ಯಾಲ ಊಟ. ಪರೀಕ್ಷಾ ಹಾಲಿನ್ಯಾಗ ಪೆನ್ನ ಹಿಡಕೊಂಡು ಕುಂತು ಏನೂ ಬರಿಯದ ಎದ್ದು ಬಂದ್ಲು. ದವಾಖಾನಿಗೆ ನಾನ ಕರಕೊಂಡು ಹೋದೆ. ಡಾಕ್ಟರು ಗುಳಗಿ ಜೋಡಿ ಚೀಟಿಯಾಗ ಬರದದ್ದು ಇಷ್ಟ: ದಿನಾ ನಡಿಬೇಕು, ವಾರಕ್ಕ ಒಂದು ದಿವಸ ಬಯಲಿಗೆ ಹೋಗಬೇಕು, ಮಂದಿ ಕೂಡ ಮಾತಾಡಬೇಕು. ಊರಾಗ ಕಾಕಾ ಕಿತ್ತು ಒಗದದ್ದನ್ನ ಅಲ್ಲೆ ಡಾಕ್ಟರು ಔಷಧ ಅಂತ ಬರದು ಕೊಟ್ರು.

ಆಕೀಗೆ ಒಂದು ಸೆಮಿಸ್ಟರ್ ಹೆಚ್ಚಿಗಿ ಹಿಡೀತು. ಆ ಸೆಮಿಸ್ಟರಿನ ಫೀ, ಆರು ತಿಂಗಳ ರೂಮ ಬಾಡಿಗಿ, ಆ ಸಾಲದ ಬಡ್ಡಿ, ಎಲ್ಲಾ ಆ ಮಗ್ಗದ ಮ್ಯಾಲ ಬಿತ್ತು. ಕಾಕಾ ಒಂದ ರೂಪಾಯಿ ಕೊಡಲಿಲ್ಲ, ಕೇಳಬಾರದು. ಹದಿನೆಂಟು ಡಾಲರ್ ಉಳಸಾಕ ಹೋಗಿ ಹೋದದ್ದು ಲಕ್ಷಗಳು. ಬಂಗಾರದಂಥಾ ಹುಡುಗಿ ಇವತ್ತಿಗೂ ಫೋನ್ ಮಾಡಿದ್ರ ಮೊದಲ ಅನ್ನೂದು, “ಆರಾಮ ಅದೀನಿ.” ಆ ಮಾತು ಕೇಳಿದ್ರ ನನಗ ಅಂಜಿಕಿ ಬರತೈತಿ.

ಮತ್ತ ಈ ಪ್ರಶ್ನಿ ಯಾರಿಗೆ ಕೇಳತಾರ ನೋಡ್ರಿ. ನಮ್ಮ ಕುಟುಂಬದ ಒಬ್ಬ ಹುಡುಗ ಮೆಲ್ಬರ್ನದಾಗ ಓದತಾನ. ಸಮುದ್ರದ ಅಲಿ ಮ್ಯಾಲ ಹಲಗಿ ಹಾಕ್ಕೊಂಡು ನಿಂತ ವಿಡಿಯೋ ಹಾಕಿದ. “ಕಿತ್ತೂರ ಹುಲಿ!” ಅಂತ ಬರದ್ರು, ಅದ ಮಾವನ, ಅದ ಗುಂಪಿನ್ಯಾಗ. ಹುಲಿಗೆ ಸಾಲ ಇಲ್ಲೇನು? ಅವಂದು ಗ್ಲಾಸ್ಗೋದ ಹುಡುಗಿಗಿಂತ ಹೆಚ್ಚಿಗಿ ಐತಿ. ಊರ ಸರ್ಕಲ್ಲಿನ್ಯಾಗ ಕುದುರಿ ಮ್ಯಾಲ ಕತ್ತಿ ಹಿಡದ ಚೆನ್ನಮ್ಮನ ಮೂರ್ತಿ ನಿಲ್ಲಸ್ತೀವಿ, ಅಕ್ಟೋಬರದಾಗ ಉತ್ಸವ ಮಾಡಿ ಜೈಕಾರ ಹಾಕ್ತೀವಿ, ಮನ್ಯಾಗಿನ ಹುಡುಗಿ ಬಾಡಿಗಿ ಸೈಕಲ್ ಹತ್ತಿದ್ರ ಎದಿ ಒಡಕೋತೀವಿ.

ಹಂಗಂತ ಎಲ್ಲಾ ತಿರಗಾಟಕ್ಕೂ ನಾ ವಕಾಲತ್ತು ಹಾಕಂಗಿಲ್ಲ. ಸೆಂಟೋಸಾ ಅನ್ನೂದೂ ದ್ವೀಪನ. ಅಲ್ಲೆ ಸಿನಿಮಾ ಕಂಪನಿ ಆಟದ ಊರು ಐತಿ, ಒಂದು ಟಿಕೀಟಿನ ರೊಕ್ಕದಾಗ ಉಬಿನ್‌ಗೆ ಹತ್ತು ಸಲ ದೋಣಿ ಹತ್ತಬಹುದು. ಫೋಟೊಕ್ಕಂತನ ಅಲ್ಲೆ ಹೋಗಿ, ಮೂರು ಅರಬಿ ಬದಲಿ ಮಾಡಿ, ಹದಿನೈದು ದಿವಸ ಬ್ರೆಡ್ಡು ತಿಂದವರನ್ನ ನೋಡೀನಿ. ಅದಕ್ಕ ಬೈರಿ, ನಾನೂ ಕೂಡತೀನಿ. ಈಜು ಬರದ ಅಲಿಗೆ ಇಳಿಯೂರಿಗೆ ಎರಡು ಹೆಚ್ಚಿಗಿ ಬೈರಿ.

ಸಿಂಗಾಪುರದಾಗ ಮನಿಗೆಲಸಕ್ಕಂತ ಬರೂ ಹೆಣ್ಣಮಕ್ಕಳು ಲಕ್ಷಗಟ್ಟಲೆ, ಇಂಡೋನೇಶ್ಯಾ, ಫಿಲಿಪ್ಪೀನ್ಸ್, ಮ್ಯಾನ್ಮಾರ್, ನಮ್ಮ ದೇಶದವರೂ ಅದಾರ. ವಾರಕ್ಕ ಒಂದು ದಿವಸ ಸೂಟಿ ಬೇಕಂತ ಭಾಳ ವರ್ಷ ಕೂಗಿದ ಮ್ಯಾಲ 2013ರ ಜನವರಿ 1ರಿಂದ ಅದು ಕಾಯದೆ ಆತು. ಸೂಟಿ ಬದಲಿ ರೊಕ್ಕ ಕೊಟ್ಟು ಕೆಲಸ ತಗೋಬಹುದು ಅನ್ನೋ ಸಂದಿ ಇತ್ತು. 2023ರಿಂದ ತಿಂಗಳಿಗೆ ಒಂದರ ದಿವಸ ಖರೇ ಸೂಟಿ ಬಿಡಬೇಕು ಅಂತ ಆ ಸಂದೀನೂ ಸಣ್ಣ ಮಾಡಿದ್ರು. ಐತವಾರ ಹೋದ್ರ ದೋಣಿಯಾಗ ಅವರ ಜೋಡಿನ ಕುಂದ್ರತಿದ್ದೆ. ಡಬ್ಬಿ ತಗದು ಅನ್ನ ಮೀನು ತಿನ್ನತಿದ್ರು, ನನಗ ಬಾಳಿಹಣ್ಣು ಕೊಡತಿದ್ರು, ಊರಿಗೆ ವಿಡಿಯೋ ಕಾಲ್ ಹಚ್ಚಿ ಸಮುದ್ರ ತೋರಸತಿದ್ರು. ಆ ಕಡಿಂದ ಅವರ ಮಂದಿ ಏನ ಕೇಳತಿದ್ರೊ ನನಗ ಭಾಷಾ ಬರಂಗಿಲ್ಲ, ಆದ್ರ ಫೋನ್ ಇಟ್ಟ ಮ್ಯಾಲೂ ಅವರ ಮಾರಿ ಮ್ಯಾಲ ನಗಿ ಇರತಿತ್ತು.

ಗ್ಲಾಸ್ಗೋದ ಲೆಕ್ಕಾನೂ ಕೇಳ್ರಿ. ಅಲ್ಲೆ ಓದೂ ದಿವಸದಾಗ ವಾರಕ್ಕ 20 ತಾಸಿಗಿಂತ ಹೆಚ್ಚ ದುಡಿಯಾಕ ವೀಸಾ ಬಿಡಂಗಿಲ್ಲ. ಆ 20 ತಾಸು ನಮ್ಮ ಹುಡುಗ್ಯಾರು ಬಿಡಂಗಿಲ್ಲ. ಅಂಗಡಿಯಾಗ ನಿಂತು ಡಬ್ಬಿ ಜೋಡಸತಾರ, ಹೋಟೆಲಿನ್ಯಾಗ ತಾಟ ತೊಳೀತಾರ, ಹೆಚ್ಚಾಗಿ ಶನಿವಾರ ಐತವಾರನ. ಎಂಟ ವಾರಕ್ಕೊಮ್ಮೆ ಒಂದು ಶನಿವಾರ ಖಾಲಿ ಸಿಕ್ಕಿತ್ತು ಆಕೀಗೆ. ಲಾರ್ಗ್ಸ್ ಅನ್ನೂ ಊರಿನಿಂದ ಹತ್ತು ನಿಮಿಷದ ಹಡಗು, ದ್ವೀಪದ ಸುತ್ತ ಹದಿನಾರು ಕಿಲೋಮೀಟರಿನ ಸಪಾಟ ರಸ್ತಾ. ಸೈಕಲ್ ಹೊಡದು, ಸಂಜಿಗೆ ವಾಪಸ ಬಂದು, ಮರುದಿನ ಮುಂಜಾನೆ ಆರಕ್ಕ ಮತ್ತ ಕೆಲಸಕ್ಕ ನಿಂತಾಳ. ಫೋಟೊದಾಗ ಆ ಮುಂಜಾನಿ ಕಾಣಂಗಿಲ್ಲ, ಸೈಕಲ್ ಮಾತ್ರ ಕಾಣತೈತಿ.

ಊರಾಗಿದ್ದವರಿಗೂ ಒಂದು ಮಾತು. ಕಿತ್ತೂರಿನ ಹತ್ತರ ಕಾದರವಳ್ಳಿ ಐತಿ, ಮಲಪ್ರಭಾ ಹೊಳಿ ನಡುವ ಶಂಕರಲಿಂಗನ ಗುಡಿ. ಹೊಳಿ ತುಂಬಿದಾಗ ನೀರು ಸುತ್ತಗಟ್ಟತೈತಿ, ಬ್ಯಾಸಗ್ಯಾಗ ಬಂಡಿ ಮ್ಯಾಲ ಕಾಲಿಟಕೋತ ಹೋಗಬಹುದು. ನಮ್ಮ ಗುಂಪಿನ್ಯಾಗ ನಗೂ ಚಿತ್ರ ಒತ್ತಿದ ಮೂರೂ ಮಂದಿಗೆ ಫೋನ್ ಮಾಡಿ ಕೇಳಿದೆ, ಎಂದರ ಹೋಗೀರೇನು ಅಂತ. ಒಬ್ರೂ ಹೋಗಿಲ್ಲ. ಒಬ್ಬರಿಗೆ ಅಂಥಾದ್ದೊಂದು ಐತಿ ಅನ್ನೂದ ಗೊತ್ತಿಲ್ಲ. ಮಾರ್ಚದಾಗ ನೀರು ಇಳದಾಗ ನಾನ ಗಾಡಿ ಮಾಡಸ್ತೀನಿ, ಮಾವನೂ ಬರಲಿ.

ಅಲ್ಲೀತನಕ ಮಕ್ಕಳಿಗೆ ಪಾರ್ಸಲ್ ಕಳಸೂರು ಕೇಳ್ರಿ. ಬ್ರಿಟನ್ನಿಗೆ ಹಾಲಿಂದು ಏನೂ ಬಿಡಂಗಿಲ್ಲ, ಅದಕ್ಕ ಬೆಳಗಾವಿ ಕುಂದಾ, ಪೇಡೆ ಇಡಬ್ಯಾಡ್ರಿ, ಕಸ್ಟಮ್ಸಿನವರು ತಗದು ಒಗೀತಾರ. ಕಡಕ ರೊಟ್ಟಿ ತೆಳ್ಳಗ ಬಡಿದು, ಎರಡ ದಿವಸ ಚೊಲೊ ಒಣಗಿಸಿ, ನಡುವ ಕಾಗದ ಹಾಕಿ ಡಬ್ಬಿಗೆ ತುಂಬ್ರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ ಬ್ಯಾರೆ ಬ್ಯಾರೆ ಕಟ್ರಿ. ಎಣ್ಣಿ ಕಲಸಬ್ಯಾಡ್ರಿ, ಅಲ್ಲೆ ಕಲಸಿಕೋತಾರ. ಮ್ಯಾಲ ಒಂದು ಗಟ್ಟಿ ಮುಚ್ಚಳದ ಸಣ್ಣ ಡಬ್ಬಿ ಇಡ್ರಿ, ದೋಣಿಯಾಗ ಒಯ್ಯಾಕ ಬರೋಬ್ಬರಿ ಆಗತೈತಿ.